ಗೋಡೆಯೊಳಗಿದ್ದ ಮನ್ಮಥ

ಒಂಟಿ ಹೆಣ್ಣಿನ ಚಿತ್ರವೊಂದರ ಭಾವವನ್ನೂ ಸಂಕೇತಗಳನ್ನೂ ಓದುವುದು ಹೇಗೆ? ವರ್ಮೀರ್‌ನ ಒಂದು ಕೃತಿ ನಮ್ಮ ಕಣ್ಣೆದುರೇ ಬದಲಾದ ಕಥೆ.

ತೆರೆದ ಕಿಟಕಿಯ ಎದುರು ತರುಣಿಯೊಬ್ಬಳು ನಿಂತಿದ್ದಾಳೆ. ಎರಡೂ ಕೈಗಳಲ್ಲಿ ಕಾಗದವೊಂದನ್ನು ಹಿಡಿದು, ತಲೆ ತಗ್ಗಿಸಿ ಓದುತ್ತಿದ್ದಾಳೆ. ಕೋಣೆಯಲ್ಲಿ ಬೇರೆ ಯಾರೂ ಇಲ್ಲ. ತನ್ನನ್ನು ಯಾರಾದರೂ ನೋಡುತ್ತಿರಬಹುದು ಎಂಬ ಯೋಚನೆಯೂ ಅವಳಿಗಿದ್ದಂತಿಲ್ಲ.

ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಯೊಹಾನೆಸ್ ವರ್ಮೀರ್ 1657-59ರ ಸುಮಾರಿಗೆ ಬಿಡಿಸಿದ ಈ ತೈಲವರ್ಣ ಚಿತ್ರ ಜರ್ಮನಿಯ ಡ್ರೆಸ್ಡೆನ್ ನಗರದ ‘ಗೆಮಾಲ್ಡೆಗ್ಯಾಲರಿ ಆಲ್ಟೆ ಮೈಸ್ಟರ್’ ಚಿತ್ರಶಾಲೆಯಲ್ಲಿದೆ. ಎತ್ತರ 83 ಸೆಂಟಿಮೀಟರ್, ಅಗಲ 64.5 ಸೆಂಟಿಮೀಟರ್. ‘ತೆರೆದ ಕಿಟಕಿಯ ಬಳಿ ಪತ್ರ ಓದುತ್ತಿರುವ ತರುಣಿ’ ಎಂದು ಇದಕ್ಕೆ ಹೆಸರು. 1742ರಲ್ಲಿ ಚಿತ್ರ ಡ್ರೆಸ್ಡೆನ್ ಸೇರಿತು. ಅಂದಿನಿಂದ ಎರಡೂವರೆ ಶತಮಾನಕ್ಕೂ ಹೆಚ್ಚು ಕಾಲ ಇದನ್ನು ನೋಡಿದವರಿಗೆಲ್ಲ ಅವಳ ಹಿಂದೆ ಕಂಡದ್ದು ಬರಿಗೋಡೆ. ಚಿತ್ರದಲ್ಲಿ ಬಹಳಷ್ಟು ಜಾಗವನ್ನು ತುಂಬಿಕೊಂಡಿದ್ದ ಆ ಗೋಡೆಯಲ್ಲೇ ನೋಡುಗರು ಅವಳ ಒಂಟಿತನವನ್ನು ಕಂಡರು, ಮೌನವನ್ನು ಕೇಳಿಸಿಕೊಂಡರು.

2021ರ ಸೆಪ್ಟೆಂಬರ್‌ನಲ್ಲಿ ಚಿತ್ರ ಮತ್ತೆ ಸಾರ್ವಜನಿಕರ ಮುಂದೆ ಬಂದಾಗ ಆ ಗೋಡೆ ಖಾಲಿ ಇರಲಿಲ್ಲ. ಕಪ್ಪು ಚೌಕಟ್ಟಿನ ದೊಡ್ಡದೊಂದು ಪಟ ಅಲ್ಲಿ ತೂಗುತ್ತಿತ್ತು. ಪಟದೊಳಗೆ ಬಿಲ್ಲು ಹಿಡಿದ ಬೆತ್ತಲೆ ಬಾಲಕ ಕ್ಯುಪಿಡ್, ಪಾಶ್ಚಾತ್ಯರ ಮನ್ಮಥ. ವರ್ಮೀರ್ ತನ್ನ ಕೈಯಾರೆ ಬಿಡಿಸಿದ್ದ ಅವನ ಮೇಲೆ ಬೇರೆ ಯಾರೋ ಬಣ್ಣ ಬಳಿದು ಮುಚ್ಚಿದ್ದರು. ಇಷ್ಟು ತಲೆಮಾರುಗಳು ವರ್ಮೀರನದೆಂದು ನಂಬಿದ್ದ ಮೌನದಲ್ಲಿ ಒಂದು ಪಾಲು ಬೇರೊಬ್ಬರ ಕುಂಚದ್ದಾಗಿತ್ತು. ಚಿತ್ರವೊಂದರ ಭಾವ ಎಲ್ಲಿ ನೆಲೆಸಿರುತ್ತದೆ, ಸಂಕೇತ ಅದಕ್ಕೆ ಏನನ್ನು ಕೂಡಿಸುತ್ತದೆ ಎಂದು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಮೊದಲು ಕಣ್ಣಿಗೆ ಕಾಣುವುದು

ಒಂಟಿ ಹೆಣ್ಣಿನ ಚಿತ್ರ ಕಂಡ ಕೂಡಲೇ ಕಥೆ ಹೊಸೆಯುವ ಆತುರ ಎಲ್ಲರಿಗೂ ಇರುತ್ತದೆ. ಯಾರಿಗಾಗಿ ಕಾಯುತ್ತಿದ್ದಾಳೆ? ಯಾಕೆ ಬೇಸರ? ಕಾಗದದಲ್ಲಿ ಏನಿದೆ? ಆ ಪ್ರಶ್ನೆಗಳನ್ನು ಸ್ವಲ್ಪ ತಡೆದಿಟ್ಟು ಮೊದಲು ಮೈಯನ್ನು, ಬೆಳಕನ್ನು, ಜಾಗವನ್ನು ನೋಡಬೇಕು. ಭಾವ ಮೊದಲು ಕೂಡಿಬರುವುದು ಅಲ್ಲಿ.

ಡ್ರೆಸ್ಡೆನ್ನಿನ ತರುಣಿ ನಮಗೆ ಕಾಣುವುದು ಒಂದು ಪಕ್ಕದಿಂದ. ಮುಖ ಎಡಕ್ಕೆ, ಕಿಟಕಿಯ ಕಡೆಗೆ. ಆದರೆ ನೋಟ ಕಿಟಕಿಯಾಚೆ ಹೋಗಿಲ್ಲ, ಕಾಗದದ ಮೇಲೆ ನೆಟ್ಟಿದೆ. ಹೊರಗಿನ ಬೀದಿ ನಮಗೂ ಕಾಣದು, ಅವಳಿಗೂ ಬೇಡ. ಬೆಳಕು ಮಾತ್ರ ಒಳಗೆ ಬಂದು ಅವಳ ಹಣೆ, ಮೂಗು, ಕೊರಳಪಟ್ಟಿ, ಬೆರಳುಗಳ ಮೇಲೆ ಬಿದ್ದಿದೆ. ಹಳದಿ-ಕಪ್ಪು ಉಡುಪಿನ ತೋಳಿನಲ್ಲೂ ಕೂದಲ ಸುರುಳಿಗಳಲ್ಲೂ ವರ್ಮೀರ್ ಬೆಳಕನ್ನು ಸಣ್ಣ ಸಣ್ಣ ಚುಕ್ಕಿಗಳಾಗಿ ಇಟ್ಟಿದ್ದಾನೆ. ಮೈಯಲ್ಲಿ ಚಲನೆಯಿಲ್ಲ, ಇರುವ ಬಿಗಿಯೆಲ್ಲ ಕೈಗಳಲ್ಲಿ ಸೇರಿಕೊಂಡಿದೆ. ಮಡಿಕೆ ಬಿಚ್ಚಿದರೂ ಸುರುಳಿ ಬಿಡದ ಕಾಗದವನ್ನು ಹಿಡಿದಿರುವ ಆ ಮುಷ್ಟಿಗಳನ್ನು ನೋಡಿದರೆ ಓದು ಹಗುರವಾದದ್ದಲ್ಲ ಎಂದು ತಿಳಿಯುತ್ತದೆ.

ಕಿಟಕಿಯ ಗಾಜಿನಲ್ಲಿ ಅವಳ ಮುಖ ಇನ್ನೊಮ್ಮೆ ಕಾಣುತ್ತದೆ. ಸೀಸದ ಪಟ್ಟಿಗಳಿಂದ ಚೌಕಚೌಕವಾಗಿ ಕೂಡಿಸಿದ ಗಾಜು ಅದು. ಪ್ರತಿಬಿಂಬವೂ ತುಂಡುತುಂಡಾಗಿ, ಮಸುಕಾಗಿ ಬಿದ್ದಿದೆ. ಪಕ್ಕದಿಂದ ಕಾಣುವ ಮುಖದಲ್ಲಿ ಏಕಾಗ್ರತೆ, ಗಾಜಿನ ಮುಖದಲ್ಲಿ ಏನೋ ಕಳವಳ. ಒಬ್ಬಳೇ ಇರುವ ಕೋಣೆಯಲ್ಲಿ ಎರಡು ಮುಖಗಳು. ಅವಳ ಮನಸ್ಸು ಒಂದೇ ಕಡೆ ನಿಂತಿಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಇನ್ನು ಜಾಗ. ನೋಡುಗರಿಗೂ ತರುಣಿಗೂ ನಡುವೆ ವರ್ಮೀರ್ ಎರಡು ಅಡ್ಡಿಗಳನ್ನಿಟ್ಟಿದ್ದಾನೆ. ಮುಂದೆ ಅಡ್ಡಲಾಗಿ ಮೇಜು. ಅದರ ಮೇಲೆ ಮುದ್ದೆಯಾಗಿ ಬಿದ್ದಿರುವ ಪೂರ್ವದೇಶದ ರತ್ನಗಂಬಳಿ, ಓರೆಯಾದ ಪಿಂಗಾಣಿ ತಟ್ಟೆ, ಉರುಳಿ ಬಂದ ಹಣ್ಣುಗಳು. ಬಲಕ್ಕೆ ಮೇಲಿನಿಂದ ಕೆಳಗಿನವರೆಗೆ ಇಳಿಬಿದ್ದ ಹಸಿರು ಪರದೆ. ಈ ಪರದೆ ಕೋಣೆಯದ್ದೋ, ಚಿತ್ರದ ಮೇಲೆ ಹಾಕಿದ್ದೋ ಎಂದು ಕಣ್ಣು ಒಂದು ಕ್ಷಣ ತಡವರಿಸುತ್ತದೆ. ಆ ಕಾಲದ ಹಾಲೆಂಡಿನಲ್ಲಿ ಬೆಲೆಬಾಳುವ ಚಿತ್ರಗಳಿಗೆ ಧೂಳು, ಬಿಸಿಲು ತಾಗದಂತೆ ನಿಜವಾದ ಪರದೆಯನ್ನೇ ಕಟ್ಟುತ್ತಿದ್ದರು. ರೆಂಬ್ರಾಂಟ್ ಕೂಡ 1646ರ ‘ಪವಿತ್ರ ಕುಟುಂಬ’ ಚಿತ್ರದಲ್ಲಿ ಇಂಥದೇ ಪರದೆಯೊಂದನ್ನು ಬಣ್ಣದಲ್ಲಿ ತೂಗಿಹಾಕಿದ್ದ. ವರ್ಮೀರನ ಪರದೆ ಕಣ್ಣಿಗೆ ಕಟ್ಟುವ ಕೌಶಲವಷ್ಟೇ ಅಲ್ಲ. ಯಾರೋ ಅದನ್ನು ಈಗ ತಾನೇ ಸರಿಸಿದ್ದಾರೆ, ನಾವು ಕೇಳದೆ ಒಬ್ಬಳ ಖಾಸಗಿ ಗಳಿಗೆಯೊಳಗೆ ಇಣುಕುತ್ತಿದ್ದೇವೆ ಎಂಬ ಸಂಕೋಚವನ್ನು ಅದು ಹುಟ್ಟಿಸುತ್ತದೆ. ಅವಳ ಏಕಾಂತ ಇಷ್ಟು ಗಾಢವಾಗಿ ತಟ್ಟುವುದಕ್ಕೆ ಆ ಸಂಕೋಚವೂ ಒಂದು ಕಾರಣ.

ಕಾಗದ ಎಂದರೆ ಪ್ರೇಮ

ಇಷ್ಟನ್ನು ಯಾವ ಕಾಲದ, ಯಾವ ದೇಶದ ನೋಡುಗರೂ ಗ್ರಹಿಸಬಹುದು. ಸಂಕೇತ ಹಾಗಲ್ಲ. ಅದಕ್ಕೆ ಊರು, ಕಾಲ, ರೂಢಿ ಗೊತ್ತಿರಬೇಕು.

17ನೇ ಶತಮಾನದ ಡಚ್ ಗಣರಾಜ್ಯ ಯುರೋಪಿನಲ್ಲೇ ಹೆಚ್ಚು ಅಕ್ಷರಸ್ಥರಿದ್ದ ನಾಡುಗಳಲ್ಲಿ ಒಂದು. ಹೆಂಗಸರೂ ಓದುತ್ತಿದ್ದರು, ಬರೆಯುತ್ತಿದ್ದರು. ಪತ್ರ ಬರೆಯುವುದು ಹೇಗೆಂದು ಕಲಿಸುವ ಕೈಪಿಡಿಗಳು ಜನಪ್ರಿಯವಾಗಿದ್ದವು. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಆರು ಶಾಖೆಗಳಲ್ಲಿ ಒಂದು ಡೆಲ್ಫ್ಟ್‌ನಲ್ಲೇ ಇತ್ತು. ಹಡಗು ಹತ್ತಿ ಏಷ್ಯಾಕ್ಕೆ ಹೋದವರ ಕಾಗದ ಊರು ತಲುಪಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಅವಳ ಮುಂದಿನ ಮೇಜಿನ ಮೇಲಿರುವ ಪಿಂಗಾಣಿಯೂ ಗಂಬಳಿಯೂ ಅದೇ ವಿಶಾಲ ವ್ಯಾಪಾರದ ಜಗತ್ತಿಗೆ ಸೇರಿದವು. ಕೋಣೆ ಚಿಕ್ಕದಾದರೂ ಅದಕ್ಕೆ ಕಡಲಾಚೆಯ ನಂಟಿದೆ.

ಪತ್ರ ಓದುವ, ಬರೆಯುವ ಹೆಂಗಸರ ಚಿತ್ರಗಳು ಆಗ ಒಂದು ಪ್ರಕಾರವಾಗಿಯೇ ಬೆಳೆದವು. 1655ರ ಸುಮಾರಿಗೆ ಗೆರಾರ್ಡ್ ಟೆರ್ ಬೋರ್ಖ್ ಪತ್ರ ಬರೆಯುತ್ತಿರುವ ಹೆಣ್ಣೊಬ್ಬಳನ್ನು ಚಿತ್ರಿಸಿದ. ಡಬ್ಲಿನ್‌ನಲ್ಲಿರುವ ಗೇಬ್ರಿಯಲ್ ಮೆಟ್ಸುವಿನ ಚಿತ್ರದಲ್ಲಿ ಒಡತಿ ಪತ್ರ ಓದುತ್ತಿದ್ದರೆ ಕೆಲಸದವಳು ಗೋಡೆಯ ಪಟದ ಪರದೆ ಸರಿಸುತ್ತಾಳೆ. ಪರದೆಯ ಹಿಂದೆ ಅಲೆಯೆದ್ದ ಸಮುದ್ರ, ತೊಯ್ದಾಡುವ ಹಡಗು. ಅಂದಿನ ಡಚ್ ನೋಡುಗರಿಗೆ ಅದರ ಅರ್ಥ ಸಲೀಸು. ಪ್ರೇಮವೆಂಬುದು ಕಡಲಯಾನ, ಕಾಗದದಲ್ಲಿರುವುದು ಪ್ರೇಮದ ಸುದ್ದಿ. ಗೋಡೆಯ ಮೇಲಿನ ಪಟ ಮುಂದಿರುವ ವ್ಯಕ್ತಿಯ ಮನಸ್ಸಿಗೆ ಟಿಪ್ಪಣಿ ಬರೆಯುವುದು ಆ ಕಾಲದ ಚಿತ್ರಕಾರರಲ್ಲಿ ಬಳಕೆಯಲ್ಲಿದ್ದ ತಂತ್ರ.

ವರ್ಮೀರ್ ಈ ರೂಢಿಯನ್ನು ಬಲ್ಲವನು. ಹೀಗಿರುವಾಗ ಡ್ರೆಸ್ಡೆನ್ನಿನ ಚಿತ್ರದಲ್ಲಿ ಮಾತ್ರ ಅಷ್ಟು ದೊಡ್ಡ ಗೋಡೆ ಖಾಲಿ ಇದ್ದದ್ದು ವಿಶೇಷವೇ ಆಗಿತ್ತು. ಎಲ್ಲರೂ ಹೇಳಿಬಿಡುವುದನ್ನು ವರ್ಮೀರ್ ಹೇಳದೆ ಬಿಟ್ಟ ಎಂದು ಅದನ್ನು ಮೆಚ್ಚಿದವರೇ ಹೆಚ್ಚು.

ಹೆಸರು ಬದಲಾದಂತೆ ನೋಟವೂ

ಸ್ಯಾಕ್ಸನಿಯ ದೊರೆಯೂ ಪೋಲೆಂಡಿನ ರಾಜನೂ ಆಗಿದ್ದ ಮೂರನೇ ಆಗಸ್ಟಸ್‌ಗಾಗಿ ಪ್ಯಾರಿಸ್‌ನಲ್ಲಿ ಈ ಚಿತ್ರವನ್ನು ಕೊಂಡಾಗ ಅದನ್ನು ರೆಂಬ್ರಾಂಟನದೆಂದು ತಿಳಿಯಲಾಗಿತ್ತು. ಮುಂದೆ ಅದು ಪೀಟರ್ ಡಿ ಹೂಚ್‌ನ ಹೆಸರಿಗೂ ಹೋಯಿತು. ವರ್ಮೀರ್ 1675ರಲ್ಲಿ, 43ನೇ ವಯಸ್ಸಿನಲ್ಲಿ, ಸಾಲದ ಹೊರೆ ಬಿಟ್ಟು ತೀರಿಕೊಂಡಿದ್ದ. ಬೇಕರಿಯವನ ಬಾಕಿಗೆ ಅವನ ವಿಧವೆ ಎರಡು ಚಿತ್ರಗಳನ್ನು ಒತ್ತೆ ಇಡಬೇಕಾಯಿತು. ಅವನ ಹೆಸರು ಡಚ್ ಗಡಿಯಾಚೆ ಬಹುಮಟ್ಟಿಗೆ ಮರೆತೇಹೋಗಿತ್ತು. ಫ್ರೆಂಚ್ ವಿಮರ್ಶಕ ಥಿಯೋಫಿಲ್ ತೊರೆ 1866ರಲ್ಲಿ ಬರೆದ ಲೇಖನಗಳಿಂದ ವರ್ಮೀರ್ ಮತ್ತೆ ಬೆಳಕಿಗೆ ಬಂದ. ಇಂದು ಅವನದೆಂದು ಒಪ್ಪಿರುವ ಚಿತ್ರಗಳು ಹೆಚ್ಚೆಂದರೆ 37. ತನ್ನ ಕಲೆಯ ಬಗ್ಗೆ ಅವನು ಬರೆದ ಒಂದು ಪತ್ರವಾಗಲಿ, ದಿನಚರಿಯಾಗಲಿ ಉಳಿದಿಲ್ಲ. ಆದ್ದರಿಂದ ಅವನ ಮನಸ್ಸನ್ನು ತಿಳಿಯಲು ನಮಗೆ ಚಿತ್ರದ ಮೇಲ್ಮೈಯೊಂದೇ ಸಾಕ್ಷಿ.

ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರಿಗೆ ಇಂಥ ಹೆಸರಿನ ಗೊಂದಲ ಹೊಸದಲ್ಲ. ಅಲ್ಲಿ ಜನ ಮುಗಿಬಿದ್ದು ನೋಡುವ, ದೀಪ ಹಿಡಿದ ಹೆಣ್ಣಿನ ಚಿತ್ರ ರಾಜಾ ರವಿವರ್ಮನದೆಂದು ನಂಬಿದವರು ಇಂದಿಗೂ ಇದ್ದಾರೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಆ ಚಿತ್ರವನ್ನು 1945-46ರಲ್ಲಿ ಜಲವರ್ಣದಲ್ಲಿ ಮಾಡಿದವರು ಸಾವಂತವಾಡಿ ಮೂಲದ ಎಸ್.ಎಲ್. ಹಲ್ದಂಕರ್; ರೂಪದರ್ಶಿಯಾಗಿ ನಿಂತವರು ಅವರ ಮಗಳು ಗೀತಾ. ಒಂಟಿ ಹೆಣ್ಣಿನ ಚಿತ್ರವನ್ನು ಓದಲು ಕಲಿಯುವವರಿಗೆ ಅದು ಒಳ್ಳೆಯ ಮೊದಲ ಪಾಠವೂ ಹೌದು. ಅಲ್ಲಿ ಗೋಡೆಯ ಮೇಲೆ ಪಟವಿಲ್ಲ, ಕಾಗದವಿಲ್ಲ, ಹಣ್ಣುಗಳಿಲ್ಲ. ಕೈಯಲ್ಲಿರುವ ದೀಪವೊಂದೇ ಬೆಳಕಿನ ಮೂಲ. ಗಾಳಿಗೆ ಆರದಂತೆ ಅಡ್ಡ ಹಿಡಿದ ಅಂಗೈಯ ಬೆರಳುಗಳು ಬೆಳಕಿಗೆ ಕೆಂಪಾಗಿವೆ. ಕೆಳಗಿನಿಂದ ಏರಿದ ಹೊಂಬಣ್ಣ ಮುಖವನ್ನು ತುಂಬಿದೆ. ಭಾವ ಕೊಡುವ ವಸ್ತುವೂ ಸಂಕೇತವಾಗುವ ವಸ್ತುವೂ ಒಂದೇ ಆಗಿರುವುದರಿಂದ ನೋಡುಗರು ಎಡವುವುದಿಲ್ಲ. ಅರ್ಥ ಹೇಳಿಕೊಡುವವರಿಲ್ಲದೆಯೂ ಶಾಲಾ ಮಕ್ಕಳಿಗೆ ಅದು ಮುಟ್ಟುತ್ತದೆ.

ವರ್ಮೀರನ ಚಿತ್ರದಲ್ಲಿ ಭಾವವೂ ಸಂಕೇತವೂ ಬೇರೆ ಬೇರೆ ಕಡೆ ಇವೆ. ತೊಡಕು ಹುಟ್ಟುವುದು ಅಲ್ಲಿಂದ.

ಸ್ಕಾಲ್ಪೆಲ್ ತುದಿಯಲ್ಲಿ

ಎರಡನೇ ಮಹಾಯುದ್ಧದಲ್ಲಿ ಡ್ರೆಸ್ಡೆನ್ ಬಾಂಬಿನ ದಾಳಿಗೆ ಸುಟ್ಟುಹೋಯಿತು. ಬೇರೆಡೆ ಬಚ್ಚಿಟ್ಟಿದ್ದರಿಂದ ಈ ಚಿತ್ರ ಉಳಿಯಿತು. ಸೋವಿಯತ್ ಸೇನೆಯ ಕೈಸೇರಿ, 1955ರಲ್ಲಿ ಮರಳಿತು. 1979ರಲ್ಲಿ ಇದನ್ನು ಎಕ್ಸ್-ರೇ ಪರೀಕ್ಷೆಗೆ ಒಡ್ಡಿದಾಗ ಖಾಲಿ ಗೋಡೆಯ ಒಳಗೆ ಕ್ಯುಪಿಡ್‌ನ ಆಕೃತಿ ಕಾಣಿಸಿತು. ಆಗ ಬಹುತೇಕ ತಜ್ಞರು ಬಂದ ತೀರ್ಮಾನ ಹೀಗಿತ್ತು: ವರ್ಮೀರ್ ಮೊದಲು ಕ್ಯುಪಿಡ್‌ನನ್ನು ಬಿಡಿಸಿದ, ಆಮೇಲೆ ಅದು ಅತಿಯಾಯಿತೆನ್ನಿಸಿ ತಾನೇ ಮುಚ್ಚಿದ. ಮೌನದ ಚಿತ್ರಕಾರನೆಂಬ ಅವನ ಹೆಸರಿಗೆ ಈ ವಿವರಣೆ ಚೆನ್ನಾಗಿ ಹೊಂದಿಕೊಂಡಿತು. ಸುಮಾರು 40 ವರ್ಷ ಅದೇ ನಿಂತಿತು.

2017ರಲ್ಲಿ ಚಿತ್ರದ ಸಂರಕ್ಷಣಾ ಕೆಲಸ ಶುರುವಾಯಿತು. 19ನೇ ಶತಮಾನದಲ್ಲಿ ಬಳಿದ ವಾರ್ನಿಷ್ ಹಳದಿಗಟ್ಟಿತ್ತು. ಅದನ್ನು ತೆಗೆಯುವುದು ಮೊದಲ ಉದ್ದೇಶ. ತೆಗೆಯುತ್ತ ಹೋದಂತೆ ಸಂರಕ್ಷಕ ಕ್ರಿಸ್ಟೋಫ್ ಶೋಲ್ಜೆಲ್ ಅವರಿಗೆ ಗೋಡೆಯ ಭಾಗದ ಬಣ್ಣ ಉಳಿದ ಕಡೆಯ ಬಣ್ಣದಂತೆ ವರ್ತಿಸುತ್ತಿಲ್ಲ ಎಂಬುದು ಗಮನಕ್ಕೆ ಬಂತು. ಬಣ್ಣದ ಪದರಗಳಿಂದ ಸೂಜಿಮೊನೆಯಷ್ಟು ಮಾದರಿಗಳನ್ನು ತೆಗೆದು ಪ್ರಯೋಗಾಲಯದಲ್ಲಿ ಅಡ್ಡಸೀಳಿ ನೋಡಲಾಯಿತು. ಕ್ಯುಪಿಡ್‌ನ ಪದರಕ್ಕೂ ಅದನ್ನು ಮುಚ್ಚಿದ ಪದರಕ್ಕೂ ನಡುವೆ ಕೊಳೆಯ ಪದರವಿತ್ತು.

ಆ ಕೊಳೆಯೇ ನಿರ್ಣಾಯಕ ಸಾಕ್ಷಿಯಾಯಿತು. ಚಿತ್ರಕಾರ ತಾನೇ ಮನಸ್ಸು ಬದಲಿಸಿ ಮೇಲೆ ಬಣ್ಣ ಹಚ್ಚಿದ್ದರೆ ನಡುವೆ ಕೊಳೆ ಕೂರಲು ಸಮಯವೆಲ್ಲಿ? ಚಿತ್ರ ಮುಗಿದು, ವಾರ್ನಿಷ್ ಆಗಿ, ಗೋಡೆಯ ಮೇಲೆ ತೂಗಿ, ಹತ್ತಾರು ವರ್ಷ ಹೊಗೆ-ಧೂಳು ಕುಡಿದ ಮೇಲೆ, ವರ್ಮೀರ್ ತೀರಿಹೋದ ಎಷ್ಟೋ ಕಾಲದ ನಂತರ ಬೇರೆ ಕೈಯೊಂದು ಕ್ಯುಪಿಡ್‌ನನ್ನು ಮುಚ್ಚಿದೆ ಎಂಬುದು ಇದರಿಂದ ಖಚಿತವಾಯಿತು. ಆ ಕೈ ಯಾರದೆಂದು ಹೇಳುವ ದಾಖಲೆ ಇಲ್ಲ.

ತಜ್ಞರ ಸಮಿತಿಯೊಂದಿಗೆ ಚರ್ಚಿಸಿ, ಮುಚ್ಚಿದ ಬಣ್ಣವನ್ನು ತೆಗೆಯಲು ಚಿತ್ರಶಾಲೆ ನಿರ್ಧರಿಸಿತು. ರಾಸಾಯನಿಕ ಹಚ್ಚಿ ಒರೆಸಿದರೆ ಅಡಿಯ ಮೂಲ ಪದರಕ್ಕೆ ಅಪಾಯ. ಹಾಗಾಗಿ ಶೋಲ್ಜೆಲ್ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು, ಶಸ್ತ್ರಚಿಕಿತ್ಸೆಯ ಸ್ಕಾಲ್ಪೆಲ್‌ನಿಂದ ಮೇಲಿನ ಬಣ್ಣವನ್ನು ಕಣಕಣವಾಗಿ ಕೆರೆದು ತೆಗೆದರು. ಅರ್ಧ ಬಯಲಾದ ಕ್ಯುಪಿಡ್‌ನೊಂದಿಗೆ ಚಿತ್ರವನ್ನು 2019ರ ಮೇ ತಿಂಗಳಲ್ಲಿ ಜನರಿಗೆ ತೋರಿಸಲಾಯಿತು. ಕೆಲಸ ಪೂರ್ತಿಯಾದದ್ದು 2021ರಲ್ಲಿ. ವಾರ್ನಿಷ್‌ನ ಕಂದು ಛಾಯೆ ಹೋದದ್ದರಿಂದ ಇಡೀ ಕೋಣೆಯ ಬೆಳಕೇ ಬೇರೆಯಾಗಿತ್ತು. ಹಿಂದೆ ಇಳಿಹೊತ್ತಿನ ಹಳದಿಯಂತೆ ಕಾಣುತ್ತಿದ್ದದ್ದು ಈಗ ತಂಪಾದ ಹಗಲು. ಕ್ಯುಪಿಡ್‌ನ ಸುದ್ದಿಯ ಅಬ್ಬರದಲ್ಲಿ ಈ ಬದಲಾವಣೆಯ ಮಾತು ಅಷ್ಟಾಗಿ ಬರಲಿಲ್ಲ. ಭಾವದ ಮಟ್ಟಿಗೆ ಇದೂ ಅಷ್ಟೇ ಮುಖ್ಯ: ಮೊದಲಿನ ವಿಷಾದದಲ್ಲಿ ಒಂದಿಷ್ಟು ಹಳೆಯ ವಾರ್ನಿಷ್‌ನ ಕೊಡುಗೆಯಾಗಿತ್ತು.

ಮುಖವಾಡದ ಮೇಲೆ ಪಾದ

ಬಯಲಾದ ಪಟದಲ್ಲಿ ಕ್ಯುಪಿಡ್ ಸುಮ್ಮನೆ ನಿಂತಿಲ್ಲ. ಅವನ ಕಾಲ ಬಳಿ ಮುಖವಾಡಗಳು ಬಿದ್ದಿವೆ. ಒಂದನ್ನು ಅವನು ತುಳಿದಿದ್ದಾನೆ. ಕಬ್ಬಿನ ಬಿಲ್ಲು, ಹೂಬಾಣದ ಮನ್ಮಥನನ್ನು ಬಲ್ಲ ಕನ್ನಡ ಓದುಗರಿಗೆ ಬಿಲ್ಲಿನ ಅರ್ಥ ಹೇಳಬೇಕಿಲ್ಲ. ಮುಖವಾಡ ತುಳಿಯುವ ಬಗೆ ಮಾತ್ರ ನಮ್ಮ ಮನ್ಮಥನಿಗಿಲ್ಲ. ಅದು ಯುರೋಪಿನ ಸಂಕೇತಗ್ರಂಥಗಳಿಂದ ಬಂದದ್ದು. ಒಂದು ಚಿತ್ರ, ಒಂದು ಸೂಕ್ತಿ, ಅದಕ್ಕೊಂದು ಪದ್ಯ ಇರುತ್ತಿದ್ದ ಈ ಪುಸ್ತಕಗಳು ಡಚ್ ಮನೆಗಳಲ್ಲಿ ಬಹಳ ಬಳಕೆಯಲ್ಲಿದ್ದವು. ಒಟ್ಟೊ ವಾನ್ ವೇನ್ 1608ರಲ್ಲಿ ಆಂಟ್ವರ್ಪ್‌ನಲ್ಲಿ ಹೊರತಂದ ಪುಸ್ತಕವಂತೂ ಪೂರ್ತಿ ಪ್ರೇಮದ ಸಂಕೇತಗಳಿಗೇ ಮೀಸಲು. ಮುಖವಾಡ ಎಂದರೆ ಕಪಟ. ಅದನ್ನು ಕ್ಯುಪಿಡ್ ತುಳಿದರೆ ನಿಜವಾದ ಪ್ರೇಮ ಮೋಸವನ್ನು ಮೆಟ್ಟುತ್ತದೆ ಎಂದು ಅರ್ಥ.

ಇದೇ ಕ್ಯುಪಿಡ್ ಪಟ ವರ್ಮೀರನ ಬೇರೆ ಚಿತ್ರಗಳಲ್ಲೂ ಬರುತ್ತದೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ವರ್ಜಿನಲ್ ವಾದ್ಯದ ಮುಂದೆ ನಿಂತ ತರುಣಿಯ ಹಿಂದೆ ಅವನು ಪೂರ್ತಿಯಾಗಿ ಕಾಣುತ್ತಾನೆ. ನ್ಯೂಯಾರ್ಕಿನಲ್ಲಿರುವ, ಮೇಜಿಗೆ ಮೊಣಕೈಯೂರಿ ನಿದ್ದೆಹೋದ ಹುಡುಗಿಯ ಚಿತ್ರದಲ್ಲಿ ಅವನ ಕಾಲೊಂದು, ಪಕ್ಕದಲ್ಲಿ ಬಿದ್ದ ಮುಖವಾಡವೊಂದು ಮಾತ್ರ ಕತ್ತಲಲ್ಲಿ ಇಣುಕುತ್ತವೆ. ವರ್ಮೀರ್ ಸತ್ತ ಬಳಿಕ 1676ರಲ್ಲಿ ಮಾಡಿದ ಮನೆಯ ಸಾಮಾನುಗಳ ಪಟ್ಟಿಯಲ್ಲಿ ಕ್ಯುಪಿಡ್‌ನ ಪಟವೊಂದು ಸೇರಿದೆ. ಮನೆಯಲ್ಲಿದ್ದ ಪಟವನ್ನೇ ಅವನು ಬೇಕಾದಾಗ ಬೇಕಾದಷ್ಟು ಬಳಸಿಕೊಂಡಿರುವುದು ಸಂಭವ.

ಹಾಗಾದರೆ ಡ್ರೆಸ್ಡೆನ್ನಿನ ತರುಣಿಯ ಒಗಟು ಬಿಡಿಸಿದಂತಾಯಿತೇ? ಕಾಗದ ಪ್ರೇಮಪತ್ರ, ಪ್ರೇಮ ಪ್ರಾಮಾಣಿಕ, ಎಲ್ಲವೂ ಸುಖಾಂತ ಎನ್ನೋಣವೇ? ಮೇಜಿನ ಮೇಲಿನ ಹಣ್ಣುಗಳು ಅದಕ್ಕೆ ಒಪ್ಪುವುದಿಲ್ಲ. ಓರೆಯಾದ ತಟ್ಟೆಯಿಂದ ಉರುಳಿದ ಹಣ್ಣುಗಳಲ್ಲಿ ಪೀಚ್ ಒಂದು ಸೀಳಿ ಒಳಗಿನ ಬೀಜ ಕಾಣುತ್ತಿದೆ. ಚೆಲ್ಲಿದ ಹಣ್ಣಿನಲ್ಲಿ ಬೈಬಲ್ಲಿನ ಈವಳ ಪ್ರಲೋಭನೆಯ ನೆನಪನ್ನು, ಮೀರಬಾರದ ಗೆರೆ ಮೀರಿದ ಪ್ರೇಮವನ್ನು ಓದಿದ ಕಲಾ ಇತಿಹಾಸಕಾರರಿದ್ದಾರೆ. ಗೋಡೆ ಪ್ರಾಮಾಣಿಕತೆಯನ್ನು ಸಾರುತ್ತಿದೆ, ಮೇಜು ಎಚ್ಚರಿಸುತ್ತಿದೆ. ನಡುವೆ ನಿಂತವಳ ಮುಖ ಎರಡಕ್ಕೂ ಹೂಂಗುಟ್ಟುತ್ತಿಲ್ಲ.

ಸಂಕೇತದ ಮಿತಿ ಇಲ್ಲಿ ಸ್ಪಷ್ಟವಾಗುತ್ತದೆ. ಪತ್ರ ಯಾವುದರ ಬಗ್ಗೆ ಎಂದು ಕ್ಯುಪಿಡ್ ಹೇಳಬಲ್ಲ. ಅದನ್ನು ಓದುವಾಗ ಅವಳಿಗೆ ಏನಾಗುತ್ತಿದೆ ಎಂದು ಹೇಳುವ ಶಕ್ತಿ ಅವನಿಗಿಲ್ಲ. ಅದು ಈಗಲೂ ಬಾಗಿದ ಕತ್ತಿನಲ್ಲಿ, ಬಿಗಿಹಿಡಿದ ಬೆರಳುಗಳಲ್ಲಿ, ಗಾಜಿನಲ್ಲಿ ಮಸುಕಾದ ಮುಖದಲ್ಲಿಯೇ ಇದೆ. 2017ಕ್ಕೆ ಮುಂಚೆ ಅಲ್ಲಿ ಕಳವಳ ಕಂಡವರು ತಪ್ಪು ನೋಡಿರಲಿಲ್ಲ. ಕಳವಳಕ್ಕೆ ಕಾರಣವನ್ನು ಖಾಲಿ ಗೋಡೆಯಲ್ಲಿ ಹುಡುಕಿದ್ದಷ್ಟೇ ತಪ್ಪು.

ಆದರೂ ನಷ್ಟವಾಗಿಲ್ಲ ಎನ್ನಲಾಗದು. ಗೋಡೆ ಖಾಲಿ ಇದ್ದಾಗ ಅವಳ ತಲೆಯ ಮೇಲೆ ಉಸಿರಾಡುವಷ್ಟು ಜಾಗವಿತ್ತು, ಬೆಳಕು ನಿಧಾನವಾಗಿ ಹರಡಿ ಕರಗುತ್ತಿತ್ತು. ಈಗ ಅವಳಷ್ಟೇ ದೊಡ್ಡದಾದ ಇನ್ನೊಂದು ಆಕೃತಿ ಹಿಂದೆ ನಿಂತಿದೆ. ಕಣ್ಣು ಹಂಚಿಹೋಗುತ್ತದೆ. ಹಳೆಯ ರೂಪವನ್ನು ಮನಸಾರೆ ಪ್ರೀತಿಸಿದ್ದ ಅನೇಕರಿಗೆ ಹೊಸದು ಕಿಕ್ಕಿರಿದಂತೆ ಕಂಡಿತು. ಅವರ ಅನಿಸಿಕೆಯನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಖಾಲಿ ಗೋಡೆಯ ಶಕ್ತಿಯನ್ನು ಮುಂದೆ ವರ್ಮೀರನೇ ಕಂಡುಕೊಂಡ.

ಚಿತ್ರಕಾರನೇ ಅಳಿಸಿದ್ದು

ಬರ್ಲಿನ್‌ನಲ್ಲಿ ಅವನ ‘ಮುತ್ತಿನ ಹಾರದ ಹೆಣ್ಣು’ ಇದೆ. ಸುಮಾರು 1664ರ ಈ ಚಿತ್ರದಲ್ಲಿ ಒಬ್ಬಳೇ ನಿಂತ ತರುಣಿ ಕೊರಳಿನ ಹಾರದ ದಾರಗಳನ್ನು ಹಿಡಿದು ಕನ್ನಡಿ ನೋಡಿಕೊಳ್ಳುತ್ತಿದ್ದಾಳೆ. ಅವಳಿಗೂ ಕನ್ನಡಿಗೂ ನಡುವೆ ಬೆಳಕು ತುಂಬಿದ ಬಿಳಿ ಗೋಡೆ ಬಿಟ್ಟರೆ ಏನೂ ಇಲ್ಲ. ಅಲ್ಲಿ ಮೊದಲು ನಕ್ಷೆಯೊಂದನ್ನೂ, ಕುರ್ಚಿಯ ಮೇಲೆ ತಂತಿವಾದ್ಯವೊಂದನ್ನೂ ಬಿಡಿಸಿ, ಆಮೇಲೆ ವರ್ಮೀರನೇ ಅವನ್ನು ಅಳಿಸಿದ್ದಾನೆಂದು ತಾಂತ್ರಿಕ ಪರೀಕ್ಷೆಗಳು ತೋರಿಸಿಕೊಟ್ಟಿವೆ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂನಲ್ಲಿರುವ ಪ್ರಸಿದ್ಧ ‘ಹಾಲು ಸುರಿಯುವವಳು’ ಚಿತ್ರದ್ದೂ ಇದೇ ಕಥೆ. ಅವಳ ಹಿಂದಿನ ಗೋಡೆಯಲ್ಲಿ ಹೂಜಿಗಳನ್ನು ತೂಗುಹಾಕುವ ಹಲಗೆಯೊಂದು, ನೆಲದ ಮೇಲೆ ಬೆಂಕಿಯ ಬುಟ್ಟಿಯೊಂದು ಮೊದಲು ಇದ್ದವೆಂದು 2022ರಲ್ಲಿ ಪ್ರಕಟಿಸಲಾಯಿತು. ಅವನ್ನು ತೆಗೆದು ವರ್ಮೀರ್ ಉಳಿಸಿದ್ದು ಮೊಳೆ ಹೊಡೆದ ತೂತುಗಳಿರುವ ಬಿಳಿಗೋಡೆಯನ್ನು. ಮುಚ್ಚಿದ್ದು ಅಲ್ಲೂ ಬಣ್ಣವೇ; ಆದರೆ ಕುಂಚ ಹಿಡಿದ ಕೈ ಅವನದು.

ಸಂಕೇತವನ್ನು ಕಣ್ಣಿಗಿಂತ ಮುಂದೆ ಓಡಲು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ವಾಷಿಂಗ್ಟನ್ನಿನಲ್ಲಿರುವ ‘ತಕ್ಕಡಿ ಹಿಡಿದ ಹೆಣ್ಣು’ ಸಾಕ್ಷಿ. ಮುತ್ತುಗಳು ಹರಡಿದ ಮೇಜಿನ ಮುಂದೆ ನಿಂತವಳ ಹಿಂದೆ, ಸತ್ತವರ ಪಾಪ-ಪುಣ್ಯ ತೂಗುವ ಕ್ರೈಸ್ತರ ‘ಅಂತಿಮ ತೀರ್ಪಿನ’ ಪಟವಿದೆ. ಅವಳು ಚಿನ್ನವನ್ನೋ ಮುತ್ತನ್ನೋ ತೂಗುತ್ತಿದ್ದಾಳೆ, ಲೌಕಿಕದ ಆಸೆಗೆ ಬಿದ್ದಿದ್ದಾಳೆ ಎಂದು ಎಷ್ಟೋ ಕಾಲ ವಿವರಿಸಲಾಗಿತ್ತು. ಚಿತ್ರಕ್ಕೆ ಅದೇ ಅರ್ಥದ ಹೆಸರುಗಳೂ ಇದ್ದವು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ತಟ್ಟೆಗಳಲ್ಲಿ ಏನೂ ಇರಲಿಲ್ಲ, ಬೆಳಕು ಮಾತ್ರ ಮಿನುಗುತ್ತಿತ್ತು. ತೂಗುವ ಮೊದಲು ತಕ್ಕಡಿ ಸಮವಾಗಲೆಂದು ಅವಳು ಕಾಯುತ್ತಿದ್ದಾಳೆ. ಆಸೆಬುರುಕಿ ಎನಿಸಿಕೊಂಡಿದ್ದವಳು ಅಂದಿನಿಂದ ಸಮತೋಲದ ರೂಪವಾದಳು. ಚಿತ್ರ ಒಂದಿಷ್ಟೂ ಬದಲಾಗಿರಲಿಲ್ಲ.

ರೈಕ್ಸ್ ಮ್ಯೂಸಿಯಂನಲ್ಲೇ ಇರುವ ‘ನೀಲಿ ಉಡುಪಿನಲ್ಲಿ ಪತ್ರ ಓದುವವಳು’ ಕೂಡ ಇಂಥ ಊಹೆಗಳಿಂದ ತಪ್ಪಿಸಿಕೊಂಡಿಲ್ಲ. ವಿನ್ಸೆಂಟ್ ವ್ಯಾನ್‌ಗೋ 1888ರಲ್ಲಿ ಗೆಳೆಯ ಎಮಿಲ್ ಬರ್ನಾರ್‌ಗೆ ಬರೆದ ಪತ್ರದಲ್ಲಿ ಅವಳನ್ನು ಗರ್ಭಿಣಿ ಎಂದೇ ಬಣ್ಣಿಸಿದ. ಅವಳ ಹಿಂದಿನ ಭೂಪಟವನ್ನೂ ಸೇರಿಸಿಕೊಂಡು ಕಡಲಾಚೆಗೆ ಹೋದ ಗಂಡನ ಕಾಗದಕ್ಕಾಗಿ ಕಾದಿದ್ದ ಬಸುರಿಯ ಕಥೆಯನ್ನು ಅನೇಕರು ಹೆಣೆದರು. ಉಡುಪಿನ ಇತಿಹಾಸ ಬಲ್ಲವರು ಅದನ್ನು ಒಪ್ಪುವುದಿಲ್ಲ: ಆ ಕಾಲದ ಅಂಥ ಮೇಲಂಗಿಯೇ ಹಾಗೆ ಉಬ್ಬಿಕೊಂಡಿರುತ್ತಿತ್ತು. ಕಥೆಯನ್ನು ಪಕ್ಕಕ್ಕಿಟ್ಟು ನೋಡಿದರೂ ಆ ಚಿತ್ರದ ಭಾವ ಕುಂದುವುದಿಲ್ಲ. ಗೋಡೆಗೆ ಹರಡಿದ ತಿಳಿನೀಲಿ ನೆರಳು, ಎದೆಯ ಹತ್ತಿರಕ್ಕೆ ಎಳೆದುಕೊಂಡ ಕೈಗಳು, ಕಾಗದದ ಮೇಲಿಂದ ಕದಲದ ಕಣ್ಣು ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ.

2023ರಲ್ಲಿ ರೈಕ್ಸ್ ಮ್ಯೂಸಿಯಂ ವರ್ಮೀರನ 28 ಚಿತ್ರಗಳನ್ನು ಒಂದೇ ಸೂರಿನಡಿ ತಂದಾಗ ಸುಮಾರು ಆರೂವರೆ ಲಕ್ಷ ಜನ ನೋಡಿದರು. ಡ್ರೆಸ್ಡೆನ್ನಿನ ತರುಣಿಯೂ ಕ್ಯುಪಿಡ್ ಸಮೇತ ಅಲ್ಲಿಗೆ ಹೋಗಿದ್ದಳು. ಹಾಗೆಂದು ಹಳೆಯ ರೂಪ ಮಾಯವಾಗಿಲ್ಲ. ಸಂರಕ್ಷಣಾ ಕೆಲಸಕ್ಕೆ ಮುಂಚೆ ಅಚ್ಚಾದ ಕಲಾಪುಸ್ತಕಗಳಲ್ಲಿ, ಗ್ರಂಥಾಲಯದ ಸಂಪುಟಗಳಲ್ಲಿ ಅವಳು ಖಾಲಿ ಗೋಡೆಯ ಮುಂದೆಯೇ ಸಿಗುತ್ತಾಳೆ. ಆಸಕ್ತರು ಎರಡೂ ರೂಪಗಳನ್ನು ಅಕ್ಕಪಕ್ಕ ಇಟ್ಟು, ಮೊದಲು ಕೈಗಳನ್ನು, ಆಮೇಲೆ ಗಾಜಿನ ಮುಖವನ್ನು, ಹಣ್ಣುಗಳನ್ನು, ಕೊನೆಗೆ ಗೋಡೆಯನ್ನು ನೋಡಿದರೆ ಯಾವುದು ಬದಲಾಯಿತು, ಯಾವುದು ಬದಲಾಗಲಿಲ್ಲ ಎಂದು ತಾವೇ ಕಂಡುಕೊಳ್ಳಬಹುದು.

ಸಂರಕ್ಷಕರ ಇನ್ನೊಂದು ನಿರ್ಧಾರವನ್ನೂ ಆಗ ಗಮನಿಸಬೇಕು. ಚಿತ್ರದ ಬಲ ಕೆಳಮೂಲೆಯಲ್ಲಿ ವರ್ಮೀರ್ ಮೊದಲು ದೊಡ್ಡದೊಂದು ಮದ್ಯದ ಗಾಜಿನ ಬಟ್ಟಲನ್ನು ಬಿಡಿಸಿದ್ದ. ಎಕ್ಸ್-ರೇಯಲ್ಲಿ ಅದೂ ಕಾಣುತ್ತದೆ. ಅದನ್ನು ಅಳಿಸಿ ಅಲ್ಲಿ ಹಸಿರು ಪರದೆ ಇಳಿಬಿಟ್ಟವನು ಅವನೇ. ಗೋಡೆಯ ಬಣ್ಣವನ್ನು ಕಣಕಣವಾಗಿ ಕೆರೆದು ತೆಗೆದ ಡ್ರೆಸ್ಡೆನ್ನಿನವರು ಆ ಪರದೆಯನ್ನು ವರ್ಮೀರ್ ಇಟ್ಟಂತೆಯೇ ಉಳಿಸಿಕೊಂಡಿದ್ದಾರೆ.